ಬಿಟ್ಟುಹೋದ ಒಂದು ‘ರ’

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಇರುವುದು ಮೊಳಕಾಲೆತ್ತರದ ಒಂದು ಕಲ್ಲುಕಟ್ಟೆ, ಅದರ ಬೆನ್ನಿಗೆ ಒಂದು ಸಾಲು ದಾಸವಾಳ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇಂಥ ಬೇಲಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಬೆಳಿಗ್ಗೆ ಹೂ ಬಿಡಿಸಲು ಅವರು ಆ ಕಡೆಯಿಂದ ಬರುತ್ತಾರೆ, ನಾನು ಈ ಕಡೆಯಿಂದ. ಹೂವು ಯಾರ ಕಡೆಗೆ ಬಾಗಿದೆಯೋ ಅವರದು ಎಂಬುದು ಇಪ್ಪತ್ತು ವರ್ಷದ ಕರಾರು. ಬರೆದಿಟ್ಟದ್ದಲ್ಲ, ಆದರೂ ಇಬ್ಬರೂ ಮುರಿದಿಲ್ಲ. ಹೂ ಬಿಡಿಸಲು ಐದು ನಿಮಿಷ ಸಾಕು; ಮಾತಿಗೆ ಒಂದು ಗಂಟೆಯೂ ಸಾಲದು.

ದಸರಾ ರಜೆ ಮುಗಿದ ವಾರ. ಮೇಷ್ಟ್ರ ಮೊಮ್ಮಗಳು, ಎಂಟನೇ ಕ್ಲಾಸಿನ ಪುಟ್ಟಿ, ನೋಟ್‌ಬುಕ್ ಹಿಡಿದು ಬೇಲಿಯ ಹತ್ತಿರ ಬಂದಳು. ಅಕ್ಟೋಬರ್ 24, ವಿಶ್ವಸಂಸ್ಥೆಯ ದಿನ. ಅದಕ್ಕಾಗಿ ಶಾಲೆಯಲ್ಲಿ ಪ್ರಬಂಧ ಬರೆಸಿದ್ದರು. ಮೊದಲ ಸಾಲಿನ ಮೊದಲ ಪದದ ಸುತ್ತ ಕೆಂಪು ಶಾಯಿಯ ಸುತ್ತು ಬಿದ್ದಿತ್ತು.

“ಅಂಚೆ ತಾತ, ಇದರಲ್ಲಿ ತಪ್ಪೇನಿದೆ ಹೇಳಿ.”

ನಾನು ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಅವಳ ಸ್ವಂತ ತಾತ ಮೇಷ್ಟ್ರು ತಾತ, ನಾನು ಅಂಚೆ ತಾತ. ಅವಳು ಬರೆದದ್ದು ‘ಅಂತರಾಷ್ಟ್ರೀಯ’. ಬಾಯಿಗೆ ಸಲೀಸಾಗಿ ಬರುವ ರೂಪ, ಬ್ಯಾನರುಗಳ ಮೇಲೆ, ಗೋಡೆಗಳ ಮೇಲೆ ಎಲ್ಲರೂ ನೂರು ಸಲ ನೋಡಿದ ರೂಪ. ಮೇಷ್ಟ್ರು ಹೂವಿನ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಕನ್ನಡಕ ಸರಿಮಾಡಿಕೊಂಡರು. ನಲವತ್ತು ವರ್ಷ ಕನ್ನಡವನ್ನೂ ಸಂಸ್ಕೃತವನ್ನೂ ಪಾಠ ಹೇಳಿದವರು.

“ಒಂದು ‘ರ’ ಬಿಟ್ಟುಹೋಗಿದೆ ಮಗಳೇ. ಪದ ಒಡೆದು ನೋಡು. ‘ಅಂತರ’ ಒಂದು, ‘ರಾಷ್ಟ್ರೀಯ’ ಒಂದು. ಸೇರಿದರೆ ಅಂತರರಾಷ್ಟ್ರೀಯ. ಎರಡು ರ ಬೇಕು. ನೀನು ಒಂದನ್ನು ನುಂಗಿದ್ದೀಯ.”

“ಏರ್‌ಪೋರ್ಟ್ ಹೆಸರಲ್ಲಿ ‘ಅಂತಾರಾಷ್ಟ್ರೀಯ’ ಅಂತ ಬರೀತಾರಲ್ಲ ತಾತ? ಅಲ್ಲೂ ಒಂದೇ ರ!”

ಹುಡುಗಿ ಗಟ್ಟಿ ಹಿಡಿತ ಹಿಡಿದಿದ್ದಳು. ಮೇಷ್ಟ್ರಿಗೆ ಖುಷಿಯಾಯಿತು, ಮರುಪ್ರಶ್ನೆ ಕೇಳುವ ಮಕ್ಕಳೆಂದರೆ ಅವರಿಗೆ ಮೊದಲಿನಿಂದಲೂ ಪ್ರೀತಿ.

“ಅದು ಬೇರೆ ದಾರಿ. ಸಂಸ್ಕೃತದಲ್ಲಿ ‘ಅಂತರ್’ ಅಂತ ಇನ್ನೊಂದು ಪದ ಇದೆ, ಅರ್ಧ ರಕಾರದಲ್ಲಿ ಮುಗಿಯುವುದು. ಅದರ ಮುಂದೆ ಮತ್ತೊಂದು ರ ಬಂದರೆ ಮೊದಲಿನ ರ ಬಿದ್ದುಹೋಗುತ್ತದೆ. ಆದರೆ ಸುಮ್ಮನೆ ಹೋಗುವುದಿಲ್ಲ, ತನ್ನ ಹಿಂದಿನ ಅಕ್ಷರವನ್ನು ದೀರ್ಘ ಮಾಡಿ ಹೋಗುತ್ತದೆ. ನಿರ್ ಮತ್ತು ರಸ ಸೇರಿದರೆ ನೀರಸ. ನಿರ್ ಮತ್ತು ರವ ಸೇರಿದರೆ ನೀರವ. ಪಾಣಿನಿ ಇದಕ್ಕೆ ಸೂತ್ರ ಬರೆದಿಟ್ಟಿದ್ದಾನೆ. ಅದೇ ರೀತಿ ಅಂತರ್ ಮತ್ತು ರಾಷ್ಟ್ರೀಯ ಸೇರಿ ಅಂತಾರಾಷ್ಟ್ರೀಯ. ಹೋದ ರ ತನ್ನ ಗುರುತಿಗೆ ‘ತಾ’ ಬಿಟ್ಟುಹೋಗಿದೆ. ನಿನ್ನ ಪದದಲ್ಲಿ ರ ಹೋಗಿದೆ, ಗುರುತೂ ಇಲ್ಲ.”

“ಹಾಗಾದರೆ ಎರಡರಲ್ಲಿ ಯಾವುದು ಸರಿ ಮೇಷ್ಟ್ರೇ?” ಎಂದೆ. ಕನ್ನಡ ಪತ್ರಿಕೆಗಳಲ್ಲಿ ಎರಡೂ ಬರುತ್ತವೆ, ಪುಸ್ತಕಗಳಲ್ಲೂ ಎರಡೂ ಇವೆ.

“ಜಗಳ ಇರುವುದೇ ಅಲ್ಲಿ ಸ್ವಾಮಿ. ಅಂತರ್ ಅಂದರೆ ಮುಖ್ಯವಾಗಿ ಒಳಗೆ. ಅಂತರ್ಜಲ ಅಂದರೆ ನೆಲದ ಒಳಗಿನ ನೀರು. ಅಂತರ್ಮುಖಿ ಅಂದರೆ ಒಳಕ್ಕೆ ತಿರುಗಿದವನು. ಆ ಲೆಕ್ಕದಲ್ಲಿ ಅಂತಾರಾಷ್ಟ್ರೀಯ ಅಂದರೆ ದೇಶದ ಒಳಗಿನದು ಅಂತ ಆಗಿಬಿಡುತ್ತದೆ, ಹೇಳಬೇಕಾದ್ದಕ್ಕೆ ನೇರ ವಿರುದ್ಧ ಅಂತ ಒಂದು ಪಕ್ಷ. ಅಂತರ್‌ಗೆ ‘ನಡುವೆ’ ಎಂಬ ಅರ್ಥವೂ ಉಂಟು ಅಂತ ಇನ್ನೊಂದು ಪಕ್ಷ. ಅವರ ಸಾಕ್ಷಿ ಅಂತರಿಕ್ಷ. ವೇದದ ಕಾಲದಲ್ಲಿ ಅಂತರಿಕ್ಷ ಅಂದರೆ ಭೂಮಿಗೂ ಸ್ವರ್ಗಕ್ಕೂ ನಡುವಿನ ಎಡೆ. ಹಾಗಾಗಿ ಅದನ್ನೂ ತಪ್ಪು ಅನ್ನಲಾರೆ. ನನ್ನ ಓಟು ಮಾತ್ರ ಅಂತರರಾಷ್ಟ್ರೀಯಕ್ಕೆ. ಅಂತರರಾಜ್ಯ ಅನ್ನುತ್ತೇವೆ, ಅಂತರಜಿಲ್ಲಾ ಅನ್ನುತ್ತೇವೆ. ‘ಅಂತರ’ ಅಂದರೆ ಏನು ಅಂತ ನಿಘಂಟು ತೆಗೆಯದೆ ಯಾರಿಗೂ ಗೊತ್ತು.”

ಪುಟ್ಟಿ ಪೆನ್ಸಿಲನ್ನು ಗಲ್ಲಕ್ಕೆ ಒತ್ತಿಕೊಂಡು ನಿಂತಳು. “ಅಂತರ ಅಂದ್ರೆ ದೂರ ಅಲ್ವಾ? ಬಸ್ಸಿನ ಹಿಂದೆ ‘ಅಂತರವಿರಲಿ’ ಅಂತ ಬರೆದಿರ್ತಾರೆ. ಕೊರೋನಾದಲ್ಲಿ ‘ಸಾಮಾಜಿಕ ಅಂತರ’ ಅಂದ್ರು. ದೇಶಗಳು ಸೇರಿ ಕೆಲಸ ಮಾಡೋದಕ್ಕೆ ‘ದೂರ’ ಅಂತ ಯಾಕೆ ಹೆಸರಿಟ್ರು?”

ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆ ಬೆಳಿಗ್ಗೆಯ ಉಳಿದ ಮಾತೆಲ್ಲ ಈ ಒಂದು ಪ್ರಶ್ನೆಗೆ ಉತ್ತರ. ಅಲ್ಲಿ ಬಿಟ್ಟುಹೋದದ್ದನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ.

ಕನ್ನಡದ ಪದಕ್ಕೆ ಮೂಲ ಇಂಗ್ಲಿಷಿನ ‘ಇಂಟರ್‌ನ್ಯಾಷನಲ್’. ಅದೂ ಬಹಳ ಹಳೆಯದಲ್ಲ. ಅದನ್ನು ಕಟ್ಟಿದವನು ಜೆರೆಮಿ ಬೆಂಥಮ್, ಲಂಡನ್ನಿನ ಚಿಂತಕ. ಕಾನೂನು, ನೀತಿಗಳ ಮೂಲತತ್ವಗಳ ಬಗ್ಗೆ ಅವನು ಬರೆದ ಪುಸ್ತಕ 1780ರಲ್ಲಿ ಅಚ್ಚಾಗಿ 1789ರಲ್ಲಿ ಪ್ರಕಟವಾಯಿತು. ಅದರಲ್ಲಿ ಈ ಪದ ಬಳಸಿ, ಇದು ಹೊಸ ಪದ, ಆದರೂ ಅರ್ಥವಾದೀತು ಎಂದು ಅಡಿಟಿಪ್ಪಣಿಯಲ್ಲಿ ಓದುಗರಿಗೆ ವಿವರಣೆ ಕೊಟ್ಟ. ಅಲ್ಲಿಯವರೆಗೆ ಇಂಗ್ಲಿಷಿನವರು ಹೇಳುತ್ತಿದ್ದುದು ‘ರಾಷ್ಟ್ರಗಳ ಕಾನೂನು’ ಎಂದು. ಕೇಳಲು ಸರಿಯಾಗಿಯೇ ಇದೆ. ಆದರೆ ಅದು ಪ್ರತಿ ರಾಷ್ಟ್ರವೂ ತನ್ನೊಳಗೆ ಇಟ್ಟುಕೊಂಡ ಕಾನೂನೋ, ಒಂದು ರಾಷ್ಟ್ರಕ್ಕೂ ಇನ್ನೊಂದಕ್ಕೂ ಮಧ್ಯೆ ನಡೆಯುವ ಕಾನೂನೋ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ. ಫ್ರಾನ್ಸಿನ ನ್ಯಾಯಪಂಡಿತ ದಗೆಸ್ಸೋ ಇದೇ ಕೊರತೆಯನ್ನು ಮೊದಲೇ ಎತ್ತಿ ತೋರಿಸಿದ್ದ. ಬೆಂಥಮ್ ಅವನನ್ನು ನೆನೆದಿದ್ದಾನೆ. ಅದಕ್ಕೂ ಮುಂಚೆ, 1650ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಜೂಷ್ ಲ್ಯಾಟಿನ್ನಿನಲ್ಲಿ ‘ಜನಾಂಗಗಳ ನಡುವಿನ ಕಾನೂನು’ ಎಂಬ ಮಾತು ಬಳಸಿದ್ದ. ಬೆಂಥಮ್ ಮಾಡಿದ್ದು ಇಷ್ಟೇ: ‘ರಾಷ್ಟ್ರೀಯ’ದ ಮುಂದೆ ‘ನಡುವೆ’ ಎಂಬುದನ್ನು ತಂದು ಕೂರಿಸಿದ. ರಾಷ್ಟ್ರ ಎಂಬ ಪದ ಮೊದಲೇ ಇತ್ತು. ಅವನು ಹೊಸದಾಗಿ ಕೊಟ್ಟದ್ದು ಆ ನಡುವನ್ನು.

“ಅಂದರೆ ಬೇಲಿ ಕಿತ್ತುಹಾಕಿ ಎಲ್ಲ ಒಂದೇ ಅನ್ನುವುದಕ್ಕೆ ಆ ಪದ ಅಲ್ಲ ಪುಟ್ಟಿ. ಬೇಲಿ ಇದೆ, ನಿನ್ನ ಅಂಗಳ ನಿನ್ನದು, ನನ್ನ ಅಂಗಳ ನನ್ನದು. ಇದ್ದೂ ಬೇಲಿಯ ಮೇಲೆ ಏನು ನಡೆಯುತ್ತದೋ ಅದಕ್ಕೆ ಆ ಹೆಸರು,” ಎಂದೆ.

“ಬೇಲಿ ಮೇಲೆ ನಡೆಯೋದು ಹರಟೆ,” ಅಂದಳು ಪುಟ್ಟಿ.

ಆ ಮಾತೂ ನಿಜ. ಅದಕ್ಕೇ ಅವಳಿಗೆ ಸ್ಟ್ರಾಸ್‌ಬರ್ಗಿನ ಮೇಜಿನ ಕಥೆ ಹೇಳಿದೆ. ಯುರೋಪಿನಲ್ಲಿ ತಂತಿ ಹೊಸದಾಗಿ ಬಂದ ಕಾಲ. ಪ್ರತಿ ದೇಶದ ತಂತಿಯೂ ಅದರ ಗಡಿಯಲ್ಲಿ ಮುಗಿಯುತ್ತಿತ್ತು. ಪ್ಯಾರಿಸ್ಸಿನಿಂದ ಜರ್ಮನ್ ಸೀಮೆಯ ಬಾಡೆನ್‌ಗೆ ಹೋಗುವ ಸುದ್ದಿ ಗಡಿಯ ಸ್ಟ್ರಾಸ್‌ಬರ್ಗಿಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಒಂದೇ ಕೋಣೆ, ಒಂದು ಮೇಜು. ಈ ಬದಿಯಲ್ಲಿ ಕೂತ ಫ್ರೆಂಚ್ ನೌಕರ ಸುದ್ದಿಯನ್ನು ಕಾಗದದಲ್ಲಿ ಬರೆದು ಮೇಜಿನ ಆಚೆಗೆ ಕೊಡುತ್ತಿದ್ದ. ಆ ಬದಿಯ ಬಾಡೆನ್ ನೌಕರ ಅದನ್ನು ಜರ್ಮನ್ನಿಗೆ ತಿರುಗಿಸಿ ತನ್ನ ತಂತಿಯಲ್ಲಿ ಮುಂದಕ್ಕೆ ಕಳುಹಿಸುತ್ತಿದ್ದ. ಕ್ಷಣದಲ್ಲಿ ನೂರು ಹರದಾರಿ ಓಡುವ ಮಿಂಚು ಆ ಮೇಜಿನ ಅಗಲ ದಾಟಲು ಇಬ್ಬರು ಮನುಷ್ಯರ ಕೈ ಬೇಕಾಗಿತ್ತು. ಇದು ಸಾಗದೆಂದು 1865ರ ಮೇ 17ರಂದು ಪ್ಯಾರಿಸ್ಸಿನಲ್ಲಿ 20 ದೇಶಗಳು ಸೇರಿ ತಂತಿಗೆ ಒಂದೇ ನಿಯಮ ಮಾಡಿಕೊಂಡವು. ಇವತ್ತಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹುಟ್ಟಿದ್ದು ಆ ದಿನ.

“ಆ ಇಬ್ಬರು ನೌಕರರೇ ಅಂತರ,” ಎಂದರು ಮೇಷ್ಟ್ರು, ನಿಧಾನವಾಗಿ. “ಆ ಮೇಜು.”

ನನಗೆ ಅದು ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನನ್ನ ಕಸುಬೂ ಅಂಥ ಮೇಜಿನ ಕಸುಬೇ. ಕೌಂಟರಿನ ಆಚೆ ಒಬ್ಬರು, ಈಚೆ ನಾನು. ಫಾರಿನ್ ಟಪಾಲು ಬಂದರೆ ಅದರ ಮೇಲೊಂದು ನೀಲಿ ಚೀಟಿ ಅಂಟಿಸುತ್ತಿದ್ದೆವು. ಅದರಲ್ಲಿ ‘ಪಾರ್ ಆವಿಯೋಂ’ ಎಂದಿರುತ್ತದೆ. ವಿಮಾನದ ಮೂಲಕ ಎಂದರ್ಥ, ಫ್ರೆಂಚ್ ಭಾಷೆ. ಮೈಸೂರಿನ ಕೌಂಟರಿನಲ್ಲಿ ಫ್ರೆಂಚ್ ಯಾಕೆ? ಲೋಕದ ಅಂಚೆ ಇಲಾಖೆಗಳೆಲ್ಲ ಸೇರಿದ ವಿಶ್ವ ಅಂಚೆ ಒಕ್ಕೂಟದ ಅಧಿಕೃತ ಭಾಷೆ ಫ್ರೆಂಚ್. ಆ ಪುಟ್ಟ ಚೀಟಿಯನ್ನು ಟೋಕಿಯೋದ ಗುಮಾಸ್ತನೂ ಗುರುತಿಸುತ್ತಾನೆ, ನೈರೋಬಿಯ ಗುಮಾಸ್ತನೂ ಗುರುತಿಸುತ್ತಾನೆ. ನಾವು ಮೂವರೂ ಎಂದೂ ಭೇಟಿಯಾಗುವುದಿಲ್ಲ. ಆದರೂ ಒಬ್ಬ ಅಂಟಿಸಿದ್ದನ್ನು ಇನ್ನೊಬ್ಬ ನಂಬುತ್ತಾನೆ.

ಆ ಒಕ್ಕೂಟದ ಹುಟ್ಟನ್ನು ಎಷ್ಟು ಸಲ ಹೇಳಿದರೂ ನನಗೆ ತಣಿವಿಲ್ಲ. ಅದಕ್ಕೆ ಮೊದಲು ಒಂದು ದೇಶದಿಂದ ಇನ್ನೊಂದಕ್ಕೆ ಕಾಗದ ಹೋಗಬೇಕಾದರೆ ಇಬ್ಬಿಬ್ಬರ ನಡುವೆ ಬೇರೆಬೇರೆ ಒಪ್ಪಂದ ಇರಬೇಕಿತ್ತು. ಕಾಗದ ಯಾವ ದೇಶ ಹಾದು ಹೋಗುತ್ತದೆ, ಯಾವ ಹಡಗು ಹತ್ತುತ್ತದೆ ಎಂಬುದರ ಮೇಲೆ ದರ. ಒಂದೇ ಊರಿಗೆ ಹಲವು ದಾರಿ, ಹಲವು ದರ. ಹಾದುಹೋದ ಪ್ರತಿ ದೇಶಕ್ಕೂ ಅದರ ಪಾಲಿನ ಲೆಕ್ಕ ಬರೆಯಬೇಕು. ಜರ್ಮನಿಯ ಅಂಚೆ ಮುಖ್ಯಸ್ಥ ಹೈನ್ರಿಕ್ ಫಾನ್ ಸ್ಟೆಫಾನ್ ಈ ತೊಡಕು ಬಿಡಿಸಲು ಪಟ್ಟು ಹಿಡಿದ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳ ಸಭೆ ಸೇರಿತು; ಅಕ್ಟೋಬರ್ 9ರಂದು ಒಪ್ಪಂದಕ್ಕೆ ಸಹಿ ಬಿತ್ತು. ಆ ಒಪ್ಪಂದದ ಒಂದು ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕಾಗದಗಳ ವಿನಿಮಯದ ಮಟ್ಟಿಗೆ ಸದಸ್ಯ ದೇಶಗಳೆಲ್ಲ ಸೇರಿ ಒಂದೇ ಅಂಚೆ ಸೀಮೆ ಎಂದು ಅವು ಒಪ್ಪಿದವು. ರಾಜ್ಯಗಳನ್ನು ಯಾರೂ ಬಿಟ್ಟುಕೊಡಲಿಲ್ಲ, ಗಡಿಗಳು ಇದ್ದಲ್ಲೇ ಇದ್ದವು. ಕಾಗದಕ್ಕೆ ಮಾತ್ರ ಗಡಿ ಇಲ್ಲ.

“ದುಡ್ಡಿನ ಲೆಕ್ಕ?” ಎಂದಳು ಪುಟ್ಟಿ. ಈಗಿನ ಮಕ್ಕಳು ಅದನ್ನು ಬಿಡುವುದಿಲ್ಲ.

“ಅದೇ ಸೊಗಸು. ಕಳುಹಿಸುವ ದೇಶ ಸ್ಟಾಂಪು ಮಾರಿದ ದುಡ್ಡನ್ನು ಪೂರ್ತಿ ತಾನೇ ಇಟ್ಟುಕೊಳ್ಳಬೇಕು. ಬಟವಾಡೆ ಮಾಡುವ ದೇಶಕ್ಕೆ ಅದರಲ್ಲಿ ಪಾಲು ಇಲ್ಲ.”

“ಅದು ಮೋಸ ಅಲ್ವಾ?”

“ಅಲ್ಲ. ಕಾಗದ ಬಂದವನು ಸುಮ್ಮನೆ ಇರುತ್ತಾನಾ? ಉತ್ತರ ಬರೆಯುತ್ತಾನೆ. ಆಗ ಅವನ ದೇಶಕ್ಕೆ ದುಡ್ಡು. ಕಾಗದಕ್ಕೆ ಮರುಕಾಗದ ಬಂದೇ ಬರುತ್ತದೆ, ಲೆಕ್ಕ ತಾನಾಗಿ ಸರಿಹೋಗುತ್ತದೆ ಅಂತ ನಂಬಿ ಹಾಗೆ ಮಾಡಿದರು.”

ಅಷ್ಟು ಹೊತ್ತಿಗೆ ನಮ್ಮ ಮನೆಯಾಕೆ ಒಂದು ಸ್ಟೀಲಿನ ಡಬ್ಬಿ ತಂದು ಬೇಲಿಯ ಮೇಲೆ ಮೇಷ್ಟ್ರ ಕೈಗಿತ್ತಳು, ರಾಗಿ ಹುರಿಹಿಟ್ಟು. “ಡಬ್ಬಿಗೇನು ಅವಸರ ಇಲ್ಲ,” ಎಂದು ಹೇಳಿ ಒಳಗೆ ಹೋದಳು. ಅವಸರ ಇಲ್ಲ ಎಂದರೂ ಆ ಡಬ್ಬಿ ಖಾಲಿಯಾಗಿ ಬರುವುದಿಲ್ಲವೆಂದು ಎರಡೂ ಮನೆಗೆ ಗೊತ್ತು. ನಮ್ಮ ಕಡೆ ಪಕ್ಕದ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತಾರೆ. ಯಾರು ಎಷ್ಟು ಕೊಟ್ಟರು ಎಂದು ತೂಗಿ ನೋಡುವವರಿಲ್ಲ. ಬರ್ನ್ ಸಭೆಯಲ್ಲಿ ಕೂತ 22 ದೇಶಗಳ ಅಧಿಕಾರಿಗಳು ನಂಬಿದ್ದು ಇದೇ ಡಬ್ಬಿಯ ನ್ಯಾಯವನ್ನು. ಹೀಗೆ ನೋಡಿದಾಗ ‘ಅಂತರರಾಷ್ಟ್ರೀಯ’ ಎಂಬ ಪದ ನನಗೆ ತೀರ ಹತ್ತಿರದ್ದಾಗಿ, ಅಡುಗೆಮನೆಯಿಂದ ಎದ್ದುಬಂದದ್ದಾಗಿ ಕಾಣುತ್ತದೆ.

ಹುರಿಹಿಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಇಲ್ಲಿಗೆ ಬಂದು, ಮುದ್ದೆಯಾಗಿ ಕನ್ನಡದ ಮನೆಯ ಮಗಳಾಯಿತು. 2023ನ್ನು ವಿಶ್ವಸಂಸ್ಥೆಯ ಮಹಾಸಭೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಪ್ರಸ್ತಾವ ಇಟ್ಟದ್ದು ಭಾರತ, ಬೆಂಬಲ ಕೊಟ್ಟದ್ದು 70ಕ್ಕೂ ಹೆಚ್ಚು ದೇಶಗಳು. ಅಲ್ಲಿ ಆ ಪದ ತನ್ನ ಸರಿಯಾದ ಜಾಗದಲ್ಲಿ ಕೂತಿದೆ. ಒಬ್ಬರು ಹೇಳಿದ್ದು, ಹಲವರು ಹೂಂ ಅಂದದ್ದು.

ಆದರೆ ಎಲ್ಲ ಕಡೆಯೂ ಹಾಗೆ ಕೂತಿಲ್ಲ. ಮೇಷ್ಟ್ರಿಗೆ ಇರುವ ಸಂಕಟ ಇದು. “ಬೀದಿಯಲ್ಲಿ ನೋಡಿ ಸ್ವಾಮಿ. ಶಾಲೆಯ ಹೆಸರಿಗೆ ಇಂಟರ್‌ನ್ಯಾಷನಲ್, ಹೋಟೆಲಿಗೆ ಇಂಟರ್‌ನ್ಯಾಷನಲ್, ಬಟ್ಟೆ ಅಂಗಡಿಗೂ ಇಂಟರ್‌ನ್ಯಾಷನಲ್. ಅಂತರರಾಷ್ಟ್ರೀಯ ಮಟ್ಟದ ಸೌಲಭ್ಯ ಅನ್ನುತ್ತಾರೆ. ದೊಡ್ಡದು, ಬೆಲೆಯುಳ್ಳದ್ದು, ಹೊರದೇಶದ ಹಾಗೆ ಇರುವುದು ಅನ್ನುವ ಅರ್ಥ ಬಂದುಬಿಟ್ಟಿದೆ. ಪದದಿಂದ ‘ನಡುವೆ’ ಕಳೆದುಹೋಗಿದೆ. ಯಾರ ಮತ್ತು ಯಾರ ನಡುವೆ ಅಂತ ಕೇಳಿದರೆ ಉತ್ತರ ಇಲ್ಲ.”

ಅದು ಒಳ್ಳೆಯ ಒರೆಗಲ್ಲು. ‘ಅಂತರರಾಷ್ಟ್ರೀಯ’ ಎಂಬ ಪದ ಕಂಡಾಗ ‘ಯಾರ ಮತ್ತು ಯಾರ ನಡುವೆ’ ಎಂದು ಕೇಳಿ ನೋಡಬೇಕು. ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ಎಂದರೆ ಉತ್ತರ ಇದೆ. ಎದುರಾಳಿ ಇಲ್ಲದೆ ಪಂದ್ಯವಿಲ್ಲ. ಅಂತರರಾಷ್ಟ್ರೀಯ ಗಡಿ, ಅಂತರರಾಷ್ಟ್ರೀಯ ಒಪ್ಪಂದ, ಅಂತರರಾಷ್ಟ್ರೀಯ ನ್ಯಾಯಾಲಯ ಎಂದರೂ ಉತ್ತರ ಇದೆ. ಉತ್ತರವಿಲ್ಲದ ಕಡೆ ಆ ಪದ ಬರೀ ಅಲಂಕಾರ. ಅಕ್ಕಪಕ್ಕದ ಪದಗಳನ್ನೂ ಹೀಗೆ ಬೇರೆ ಮಾಡಿ ಇಟ್ಟುಕೊಳ್ಳುವುದು ಒಳ್ಳೆಯದು. ‘ಜಾಗತಿಕ’ ಎಂದರೆ ಇಡೀ ಜಗತ್ತನ್ನು ಒಂದೇ ಅಂಗಳ ಎಂದು ನೋಡುವುದು; ಹವಾಮಾನ, ಸಾಂಕ್ರಾಮಿಕ ರೋಗ ಇವು ಜಾಗತಿಕ, ಅವು ಬೇಲಿ ಕೇಳುವುದಿಲ್ಲ. ‘ಬಹುರಾಷ್ಟ್ರೀಯ’ ಎಂದರೆ ಹಲವು ದೇಶಗಳಲ್ಲಿ ಕಾಲೂರಿದ್ದು. ಕಂಪನಿಗೆ ಹೊಂದುವ ಮಾತು. ‘ದ್ವಿಪಕ್ಷೀಯ’ಕ್ಕೆ ಇಬ್ಬರು ಸಾಕು, ‘ಬಹುಪಕ್ಷೀಯ’ಕ್ಕೆ ಹೆಚ್ಚು ಜನ ಬೇಕು. ಕುವೆಂಪು ಕೊಟ್ಟ ‘ವಿಶ್ವಮಾನವ’ ಇನ್ನೂ ಎತ್ತರದ್ದು, ರಾಷ್ಟ್ರವನ್ನೇ ದಾಟಿ ಮನುಷ್ಯನನ್ನು ಮುಟ್ಟುವ ಮಾತು. ಅಂತರರಾಷ್ಟ್ರೀಯ ಅಷ್ಟು ಎತ್ತರ ಹಾರುವುದಿಲ್ಲ. ಅದು ಎರಡು ಮನೆಯ ನಡುವೆ ನಿಂತು ಕೈಯಿಂದ ಕೈಗೆ ದಾಟಿಸುವ ಪದ. ದಿನದಿನದ ಬಾಳುವೆಗೆ ಇದೂ ಬೇಕು.

“ಇನ್ನೊಂದು ಮಾತು ಗೊತ್ತಾ ಪುಟ್ಟಿ?” ಎಂದೆ. “ನಾವು ಸ್ವತಂತ್ರ ದೇಶ ಆಗುವ ಮೊದಲೇ ಅಂತರರಾಷ್ಟ್ರೀಯ ಆಗಿದ್ದೆವು.”

1876ರ ಜುಲೈ 1ರಂದು ಭಾರತ ಅಂಚೆ ಒಕ್ಕೂಟ ಸೇರಿತು. ಆಗ ನಮ್ಮನ್ನು ಆಳುತ್ತಿದ್ದವರು ಲಂಡನ್ನಿನವರು. ಆ ಹೊತ್ತಿಗೆ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ್ದು. 1889ರಲ್ಲಿ ಅದು ಭಾರತದ ಅಂಚೆಯೊಳಗೆ ಸೇರಿಹೋಯಿತು. ಅಂಚೆ ಎಂಬ ಪದ ಮಾತ್ರ ಕನ್ನಡದಲ್ಲಿ ಉಳಿಯಿತು. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಒಯ್ದದ್ದೂ ಹಂಸವೇ. ಕಾಗದ ಒಯ್ಯುವ ಕಸುಬಿನವನಿಗೆ ಇದಕ್ಕಿಂತ ಚೆಂದದ ಹೆಸರು ಬೇಕೇ?

1920ರಲ್ಲಿ ರಾಷ್ಟ್ರಸಂಘ ಶುರುವಾದಾಗಲೂ ಭಾರತ ಮೊದಲ ದಿನದ ಸದಸ್ಯ. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದವರು ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ಮತ್ತು ವಿ.ಟಿ. ಕೃಷ್ಣಮಾಚಾರಿ. 1946ರಲ್ಲಿ ಮುದಲಿಯಾರರು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾದರು. ಅದೇ ವರ್ಷ ಅವರು ನಮ್ಮ ಮೈಸೂರಿಗೆ ದಿವಾನರಾಗಿ ಬಂದರು. ಮೈಸೂರಿನ ಕಡೆಯ ದಿವಾನರು ಅವರೇ. ಲೋಕದ ಮೇಜಿನ ತಲೆಯಲ್ಲಿ ಕೂತು ಬಂದವರು ಈ ಊರಿನ ಕಡತಗಳಿಗೂ ರುಜು ಹಾಕಿದರು.

ಆದರೂ ಆ ಸಹಿಗಳ ಹಿಂದೆ ಇದ್ದದ್ದು ಬ್ರಿಟಿಷ್ ಸರ್ಕಾರದ ನೇಮಕ. ಹೆಸರು ನಮ್ಮದು, ಮಾತು ಪೂರ್ತಿ ನಮ್ಮದಲ್ಲ. ಅಂತರ ಎನ್ನುವುದಕ್ಕೆ ಎರಡು ದಡ ಬೇಕು. ನಮ್ಮ ದಡದಲ್ಲಿ ನಾವೇ ನಿಲ್ಲಲು 1947 ಬರಬೇಕಾಯಿತು. ಅದು ಬಂದ ಮೂರೇ ವರ್ಷಕ್ಕೆ, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹೊತ್ತಿಕೊಂಡಾಗ, ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕೂತಿದ್ದವರು ಭಾರತದ ಬೆನೆಗಲ್ ನರಸಿಂಗ ರಾಯರು, ಮಂಗಳೂರಿನಲ್ಲಿ ಹುಟ್ಟಿದವರು. ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿ ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದವರೂ ಅವರೇ. ಆಮೇಲೆ 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಸಂವಿಧಾನದ 51ನೇ ಅನುಚ್ಛೇದವನ್ನು ಮೇಷ್ಟ್ರು ಅಂದು ಬೇಲಿಯ ಮೇಲೆಯೇ ವಿವರಿಸಿದರು: ದೇಶಗಳ ನಡುವೆ ಶಾಂತಿ ಬೆಳೆಸಬೇಕು, ನ್ಯಾಯದ, ಗೌರವದ ಸಂಬಂಧ ಇಟ್ಟುಕೊಳ್ಳಬೇಕು, ಒಪ್ಪಂದಗಳಿಗೆ ಮರ್ಯಾದೆ ಕೊಡಬೇಕು, ಜಗಳ ಬಂದರೆ ಮಧ್ಯಸ್ಥಿಕೆಯಿಂದ ತೀರಿಸಿಕೊಳ್ಳಲು ಉತ್ತೇಜಿಸಬೇಕು. ನಾಲ್ಕು ಮಾತಿನಲ್ಲೂ ‘ನಡುವೆ’ ಇದೆ. ‘ಮಧ್ಯಸ್ಥ’ ಎಂಬ ಪದವನ್ನೇ ನೋಡಿ, ನಡುವೆ ನಿಂತವನು.

“ಜಗಳ ಆಗಲ್ವಾ?” ಎಂದು ಪುಟ್ಟಿ ಕೇಳಿದಳು.

ಆಗದೆ ಏನು! ನಮ್ಮ ಡಬ್ಬಿಯ ನ್ಯಾಯವೂ ಲೋಕದಲ್ಲಿ ಸದಾಕಾಲ ನಡೆಯಲಿಲ್ಲ. ಕೆಲವು ದೇಶಗಳಿಂದ ಟಪಾಲು ರಾಶಿರಾಶಿಯಾಗಿ ಹೊರಡುತ್ತಿತ್ತು, ಅಷ್ಟು ಹಿಂದಿರುಗುತ್ತಿರಲಿಲ್ಲ. ಬಟವಾಡೆಯ ಖರ್ಚು ಒಂದೇ ಕಡೆ ಬೀಳತೊಡಗಿತು. 1969ರ ಟೋಕಿಯೋ ಸಮ್ಮೇಳನದಲ್ಲಿ ಬಟವಾಡೆ ಮಾಡುವ ದೇಶಕ್ಕೂ ಸ್ವಲ್ಪ ಹಣ ಸಲ್ಲಬೇಕೆಂದು ತಿದ್ದುಪಡಿ ಮಾಡಿಕೊಂಡರು. ಅದೇ ಸಮ್ಮೇಳನದಲ್ಲಿ ಭಾರತದ ಪ್ರತಿನಿಧಿ ಆನಂದ ಮೋಹನ ನರೂಲಾ ಅಕ್ಟೋಬರ್ 9ನ್ನು ವಿಶ್ವ ಅಂಚೆ ದಿನವಾಗಿ ಆಚರಿಸೋಣ ಎಂದು ಸೂಚಿಸಿದರು. ಆ ದಿನವನ್ನು ನಾನು ಪ್ರತಿ ವರ್ಷ ಕೌಂಟರಿನಲ್ಲೇ ಕಳೆದವನು.

ಆನ್‌ಲೈನ್ ವ್ಯಾಪಾರದ ಪೊಟ್ಟಣಗಳು ಬಂದ ಮೇಲೆ ಇನ್ನೂ ದೊಡ್ಡ ಜಗಳವಾಯಿತು. 2018ರಲ್ಲಿ ಅಮೆರಿಕ ಒಕ್ಕೂಟವನ್ನೇ ಬಿಡುತ್ತೇನೆಂದು ನೋಟಿಸು ಕೊಟ್ಟಿತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ವಿಶೇಷ ಸಮ್ಮೇಳನ ಕೂಡಿ ದರ ಮರುನಿಗದಿ ಮಾಡಿದ ಮೇಲೆ ಉಳಿದುಕೊಂಡಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ ತೆಗೆದಾಗ, ಆ ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದೇ ಸ್ಪಷ್ಟವಿಲ್ಲದೆ ಭಾರತವೂ ಸೇರಿ ಹಲವು ದೇಶಗಳ ಅಂಚೆ ಅಲ್ಲಿಗೆ ಪಾರ್ಸೆಲ್ ಕಳುಹಿಸುವುದನ್ನು ನಿಲ್ಲಿಸಿತು. ಆಮೇಲೆ ದಾರಿ ಹುಡುಕಿಕೊಂಡು ಭಾರತದ ಅಂಚೆ ಅಕ್ಟೋಬರ್‌ನಲ್ಲಿ ಮತ್ತೆ ಆರಂಭಿಸಿತು. ಆ ಎರಡು ತಿಂಗಳು ನಾನು ಮನಸ್ಸಿನಲ್ಲೇ ಕೌಂಟರಿನ ಹಿಂದೆ ನಿಂತಿದ್ದೆ. ಚಟ್ನಿಪುಡಿ, ಹಪ್ಪಳ, ಮೊಮ್ಮಗುವಿನ ಬೆಳ್ಳಿ ಕಾಲ್ಗಡಗ ಕಟ್ಟಿಕೊಂಡು ಬರುವ ತಾಯಂದಿರ ಮುಖ ನನಗೆ ಗೊತ್ತು. ಒಂದು ಪದದ ಅರ್ಥ ಕೆಟ್ಟರೆ ಯಾರಿಗೆ ನೋಯುತ್ತದೆ ಎಂದು ಕೇಳುವವರಿಗೆ ನಾನು ಆ ಮುಖಗಳನ್ನು ತೋರಿಸುತ್ತೇನೆ.

ಹಾಗೆಂದು ಪದವನ್ನು ಕೈಬಿಡುವುದೇ? ಬೇಲಿಯ ಮೇಲೆ ಒಂದು ದಿನ ಮಾತು ನಿಂತಿತೆಂದು ಬೇಲಿಯ ಮೇಲಿನ ಮಾತೇ ಸುಳ್ಳೆನ್ನಲಾಗುತ್ತದೆಯೇ? ಸಹಕಾರ ಎಂದರೆ ಜಗಳವೇ ಇಲ್ಲದಿರುವುದು ಎಂದುಕೊಂಡವರು ಬೇಗ ಸೋಲುತ್ತಾರೆ. ಜಗಳವಾದ ಮೇಲೂ ಅದೇ ಮೇಜಿಗೆ ಬಂದು ಕೂರುವುದೇ ಸಹಕಾರ ಎಂಬುದು ನನ್ನ ನಂಬಿಕೆ. ಬರ್ನ್ ನಗರದ ಉದ್ಯಾನದಲ್ಲಿ 1909ರಲ್ಲಿ ನಿಲ್ಲಿಸಿದ ಒಂದು ಸ್ಮಾರಕವಿದೆ. ಭೂಗೋಳದ ಸುತ್ತ ಐದು ಖಂಡಗಳ ಐದು ಮೂರ್ತಿಗಳು ಒಬ್ಬರಿಂದೊಬ್ಬರಿಗೆ ಕಾಗದ ದಾಟಿಸುತ್ತಿವೆ. ಅದರ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಕೈಗಳು ಕೂಡಿಕೊಂಡಿಲ್ಲ, ಚಾಚಿಕೊಂಡಿವೆ. ಕೈಗೂ ಕೈಗೂ ನಡುವೆ ಒಂದು ಕಾಗದದಷ್ಟು ಅಂತರ. ಆ ಅಂತರ ಇರುವುದರಿಂದಲೇ ಕಾಗದ ದಾಟುತ್ತದೆ.

ಪುಟ್ಟಿ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟು ರಬ್ಬರಿನಿಂದ ತನ್ನ ಪದ ಉಜ್ಜಿದಳು. ಮತ್ತೆ ಬರೆಯುವ ಮೊದಲು ತಲೆಯೆತ್ತಿದಳು.

“ಮೇಷ್ಟ್ರು ತಾತ, ಎರಡು ರ ಇರಬೇಕಿತ್ತು ಅಂದ್ರಲ್ಲ. ನಾನು ಬಿಟ್ಟಿದ್ದು ಯಾವ ರ? ಮೊದಲನೇದಾ, ಎರಡನೇದಾ?”

ಮೇಷ್ಟ್ರು ಉಜ್ಜಿದ ಜಾಗವನ್ನೇ ನೋಡಿದರು. ‘ರಾಷ್ಟ್ರೀಯ’ದ ‘ರಾ’ ಅವಳ ಬರವಣಿಗೆಯಲ್ಲಿ ದೀರ್ಘಸಮೇತ ಪೂರ್ತಿಯಾಗಿ ಇತ್ತು. ಅದರ ಗುರುತು ಇನ್ನೂ ಮಾಸಲಾಗಿ ಕಾಣುತ್ತಿತ್ತು.

“ರಾಷ್ಟ್ರ ಎಲ್ಲೂ ಹೋಗಿರಲಿಲ್ಲ ಮಗಳೇ. ಬಿಟ್ಟುಹೋಗಿದ್ದು ಅಂತರದ ರ.”

ಅವಳು ನಿಧಾನವಾಗಿ, ಅಕ್ಷರ ಅಕ್ಷರ ಹೇಳಿಕೊಳ್ಳುತ್ತ ಬರೆದಳು. ಎರಡು ರಕಾರಗಳು ಅಕ್ಕಪಕ್ಕ ಬಂದಾಗ ನಡುವೆ ಚೂರು ಜಾಗ ಬಿಟ್ಟಳು, ಅಂಟಿಕೊಳ್ಳದ ಹಾಗೆ. ಆಮೇಲೆ ಒಳಗೆ ಓಡಿಹೋಗಿ ತಿರುಗಿ ಬಂದಳು. ಕೈಯಲ್ಲಿ ನಮ್ಮ ಸ್ಟೀಲಿನ ಡಬ್ಬಿ. ಹುರಿಹಿಟ್ಟು ಬೇರೆ ಪಾತ್ರೆಗೆ ಸುರಿದು, ಅವರಜ್ಜಿ ಅದರಲ್ಲಿ ನಾಲ್ಕು ಕೋಡುಬಳೆ ಹಾಕಿ ಕಳುಹಿಸಿದ್ದರು. ದಾಸವಾಳದ ಕೊಂಬೆಯನ್ನು ಒಂದು ಕೈಯಲ್ಲಿ ಸರಿಸಿ ಇನ್ನೊಂದು ಕೈಯಲ್ಲಿ ಡಬ್ಬಿ ಚಾಚಿದಳು. ನಾನು ಈ ಕಡೆಯಿಂದ ತೆಗೆದುಕೊಂಡೆ. ಇನ್ನೂ ಬಿಸಿಯಿತ್ತು.